ನಿಧಾನಿಸಿದರೆ ಮರ ಸುಡುತ್ತದೆ

‘ತೇಗದ ಹಲಗೆಯ ಅಂಚು ನುಣುಪು ಮಾಡಲೆಂದು ಪುಟ್ಟ ರೌಟರ್ ಕೊಂಡೆ. ಎಷ್ಟು ನಿಧಾನವಾಗಿ ಸರಿಸಿದರೂ ಅಂಚೆಲ್ಲ ಕಪ್ಪಗೆ ಸುಡುತ್ತದೆ. ಬಿಟ್ ಕಳಪೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಬಿಟ್ಟನ್ನು, ಅಂದರೆ ಈ ಮರ ಕೊರೆಯುವ ಯಂತ್ರದಲ್ಲಿ ತಿರುಗುವ ಅಲಗಿನ ಕಡ್ಡಿಯನ್ನು, ಬೈಯುವ ಮೊದಲು ಆ ನಿಧಾನವನ್ನೇ ವಿಚಾರಿಸಿಕೊಳ್ಳೋಣ.

ಎರಡು ಅಲಗಿನ ಬಿಟ್ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಮರಕ್ಕೆ 40,000 ಏಟು. ನಿಮಿಷಕ್ಕೆ 3 ಮೀಟರಿನಂತೆ ಯಂತ್ರ ಸರಿಸಿದರೆ ಏಟಿಗೆ 0.075 ಮಿ.ಮೀ. ಮರ ಅಲಗಿಗೆ ಸಿಗುತ್ತದೆ. ಅರ್ಧ ಮೀಟರಿಗೆ ಇಳಿಸಿದಿರೋ, 0.0125 ಮಾತ್ರ. ಅಷ್ಟು ತೆಳುವಾದುದನ್ನು ಅಲಗು ಕಚ್ಚಲಾರದು, ಬರಿದೆ ಉಜ್ಜುತ್ತದೆ. ಬಿಸಿಯನ್ನು ಹೊತ್ತೊಯ್ಯಲು ಚಕ್ಕೆಯಿಲ್ಲ, ಮರವೂ ಶಾಖವನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೈ ಕರಿಯಾಗದೆ ಇನ್ನೇನು? ಎಚ್ಚರಿಕೆ ಬೇಕಿರುವುದು ಆಳದಲ್ಲಿ. ಒಮ್ಮೆಗೆ 3 ಮಿ.ಮೀ. ಆಸುಪಾಸು ತೆಗೆಯಿರಿ, ಆದರೆ ಕೈ ನಿಲ್ಲದೆ ಸರಿಯುತ್ತಿರಲಿ.

ಯಾವ ಕಡೆಗೆ ಸರಿಸಬೇಕು? ಚಿಟಿಕೆ ಹೊಡೆದಷ್ಟೇ ಸುಲಭ ಎನ್ನುವ ವಿಡಿಯೊಗಳು ಹಾರಿಸಿಬಿಡುವ ಪಾಠ ಇದೇ. ಸೆಂಟರ್ ಸ್ಟ್ಯಾಂಡ್ ಹಾಕಿದ ಬೈಕಿನ ಹಿಂಚಕ್ರ ಗಿರ್ರನೆ ತಿರುಗುತ್ತಿದೆ ಎಂದುಕೊಳ್ಳಿ. ಸ್ಟ್ಯಾಂಡ್ ಜಾರಿ ಚಕ್ರ ನೆಲ ಮುಟ್ಟಿದ ಕ್ಷಣ ಗಾಡಿ ಚಂಗನೆ ಮುಂದಕ್ಕೆ ಹಾರುತ್ತದೆ. ರೌಟರಿನ ಬಿಟ್ಟೂ ಮಲಗಿಸಿದ ಚಕ್ರವೇ, ಅದಕ್ಕೆ ನೆಲವೆಂದರೆ ಹಲಗೆಯ ಅಂಚು. ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹಲಗೆಯನ್ನು ಎದುರಿಗಿಟ್ಟುಕೊಂಡು ನಿಮ್ಮ ಕಡೆಯ ಅಂಚನ್ನು ಕೊರೆಯುವಾಗ ಅಲಗು ಮರವನ್ನು ಬಲಕ್ಕೆ ತಳ್ಳುತ್ತದೆ, ಮರ ಯಂತ್ರವನ್ನು ಎಡಕ್ಕೆ ತಳ್ಳುತ್ತದೆ. ನೀವೂ ಎಡಕ್ಕೇ ಸರಿಸಿದರೆ ಬೈಕಿಗೆ ದಾರಿ ಬಿಟ್ಟಂತಾಯಿತು: ಯಂತ್ರ ಕೈತಪ್ಪಿ ಓಡುತ್ತದೆ. ಬಲಕ್ಕೆ ಸರಿಸಿದರೆ ಓಡಲು ಹವಣಿಸುವ ಗಾಡಿಯನ್ನು ಹಿಂದಕ್ಕೆ ಎಳೆದಂತೆ. ಕೈಗೆ ಭಾರ, ಹಿಡಿತ ಮಾತ್ರ ನಿಮ್ಮದೇ. ಆದ್ದರಿಂದ ಹಲಗೆಯ ಹೊರ ಅಂಚಿಗೆ ಅಪ್ರದಕ್ಷಿಣೆ, ಚೌಕಟ್ಟಿನ ಒಳ ಅಂಚಿಗೆ ಪ್ರದಕ್ಷಿಣೆ. ನಾರಿಗೆ ಅಡ್ಡವಾದ ತುದಿಗಳನ್ನು ಮೊದಲು ಮುಗಿಸಿ. ಮೂಲೆಯಲ್ಲಿ ಎದ್ದ ಸಿಬಿರನ್ನು ಆಮೇಲಿನ ಉದ್ದದ ಅಂಚು ತಾನೇ ಸವರಿಹಾಕುತ್ತದೆ.

ಬಿಟ್ ದಪ್ಪವಾದಷ್ಟೂ ವೇಗ ತಗ್ಗಬೇಕು. ನಿಮಿಷಕ್ಕೆ 24,000 ಸುತ್ತಿನಲ್ಲಿ 6 ಮಿ.ಮೀ. ಬಿಟ್ಟಿನ ಅಂಚು ಗಂಟೆಗೆ 27 ಕಿ.ಮೀ. ವೇಗದಲ್ಲಿದ್ದರೆ, 50 ಮಿ.ಮೀ.ನದು 226 ಕಿ.ಮೀ. ಮುಟ್ಟುತ್ತದೆ! ಅಂಥದ್ದಕ್ಕೆ 12,000 ಸುತ್ತು ಸಾಕು. ಬಿಟ್ಟಿನ ಮೇಲೆ ನಮೂದಿಸಿದ ಮಿತಿಯನ್ನಂತೂ ಮೀರಲೇಬಾರದು.

ಅಂಚು ಸುಡಲು ಮೊಂಡು ಅಲಗೂ ಕಾರಣವಾದೀತು. ಪ್ಲೈವುಡ್ಡಿನ ಅಂಟು ಉಕ್ಕನ್ನು ಬೇಗ ಸವೆಸುವುದರಿಂದ ಇಂದಿನ ಬಹುಪಾಲು ಬಿಟ್ಟುಗಳ ಅಲಗು ಟಂಗ್‌ಸ್ಟನ್ ಕಾರ್ಬೈಡಿನದು. ಅದು ಮರಗೆಲಸಕ್ಕೆಂದು ಹುಟ್ಟಿದ್ದಲ್ಲ. ಬಲ್ಬಿನ ತಂತಿ ಎಳೆಯಲು ವಜ್ರದ ಅಚ್ಚು ಬೇಕಿತ್ತು, ಅದೋ ದುಬಾರಿ. ಬದಲಿ ಹುಡುಕುತ್ತ ಜರ್ಮನಿಯ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಕಾರ್ಬೈಡ್ ಪುಡಿಯನ್ನು ಕೋಬಾಲ್ಟಿನಂಥ ಲೋಹದೊಂದಿಗೆ ಬೆಸೆದರು. ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಎಂದು ಮಾರಿತು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ವಿಡಿಯಾ ಹೆಸರಿನಲ್ಲಿದ್ದ ಕಾರ್ಖಾನೆಯೂ ಆ ವಂಶದ್ದೇ. ಕಾರ್ಬೈಡ್ ಬಹಳ ಗಟ್ಟಿ, ಆದರೆ ಪೆಡಸು: ಸಿಮೆಂಟ್ ನೆಲಕ್ಕೆ ಬಿದ್ದರೆ ಅಲಗಿನ ಚೂರು ಹಾರುತ್ತದೆ.

ಬಿಟ್ ಬದಲಿಸುವಾಗ ಮೊದಲು ಪ್ಲಗ್ ಕಿತ್ತುಬಿಡಿ. ಬಿಟ್ಟಿನ ಕಾಂಡವನ್ನು ಕಾಲೆಟ್ಟಿನ (ಕಾಂಡವನ್ನು ಕಚ್ಚಿ ಹಿಡಿಯುವ ಬಾಯಿ) ತಳ ಮುಟ್ಟಿಸಿ, 2–3 ಮಿ.ಮೀ. ಮೇಲೆತ್ತಿ ಬಿಗಿ ಮಾಡಿ. ಪೇಟೆಯಲ್ಲಿ 6 ಮಿ.ಮೀ. ಕಾಂಡವೂ ಇದೆ, ಕಾಲಿಂಚಿನ, ಅಂದರೆ 6.35 ಮಿ.ಮೀ.ನದೂ ಇದೆ. ಕಣ್ಣಿಗೆ ಎರಡೂ ಒಂದೇ. ಆದರೆ ಕಾಲಿಂಚಿನ ಕಾಲೆಟ್ಟಿಗೆ 6ರದನ್ನು ತೊಡಿಸಿದರೆ ಅದು ಓಡುವಾಗಲೇ ಜಾರಬಹುದು. ಹಲಗೆಗೆ ಎರಡು ಕ್ಲಾಂಪ್ ಹಾಕಿ, ನಿಮ್ಮ ಎರಡೂ ಕೈ ಯಂತ್ರದ ಮೇಲಿರಲಿ. ಹೆಗಲ ಟವೆಲ್ ಬೇಡ. ಕನ್ನಡಕ, ಕಿವಿಮುಚ್ಚಿಗೆಯ ಜೊತೆ ಮಾಸ್ಕೂ ಇರಲಿ: ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿಗೆ ಸೇರಿಸಿದೆ.