ಬಡಿಸುವವನ ಹೊಣೆ

ನಮ್ಮಲ್ಲಿ ‘ಇನ್ನಿಷ್ಟು’ ಎನ್ನುವುದು ಬಡಿಸುವವನ ಧರ್ಮ. ‘ಸಾಕು’ ಎನ್ನುವುದು ಉಣ್ಣುವವನ ಹಕ್ಕು. ಈ ರೀತಿ ತಿರುಗಬೇಕಾದ ಸ್ಥಳವೊಂದುಂಟೆಂದು ನಾನು ಅರಿತದ್ದು ಹಾಸನದ ಸೀಮೆಯಲ್ಲಿ.

ಅರಕಲಗೂಡು, ಹೊಳೆನರಸೀಪುರಗಳನ್ನು ಹಾದು ಚನ್ನರಾಯಪಟ್ಟಣ ಸೇರಿದಾಗ ಸಂಜೆಯಾಗಿತ್ತು. ಊಟಕ್ಕೆಂದು ಹೊಕ್ಕ ಬಾರಿನಲ್ಲಿ ಯುವಕನೊಬ್ಬ ಮತ್ತೆ ಮದ್ಯ ಕೇಳಿದ. ಮೇಜಿನ ಮೇಲೆ ಬೈಕಿನ ಕೀಲಿಯಿತ್ತು. ತಂದುಕೊಡುತ್ತಿದ್ದ ಹಿರಿಯ, “ಇವತ್ತಿಗೆ ಸಾಕು ಕಣಪ್ಪ. ಕೀ ಇಲ್ಲಿರ್ಲಿ, ಬಸ್ಸಲ್ಲಿ ಹೋಗು” ಎಂದ. ಯುವಕ ಮುನಿದ, ಮಾಲೀಕ ಹುಬ್ಬು ಗಂಟಿಕ್ಕಿದ. ಹಿರಿಯ ಮಾತ್ರ ಸೀಸೆ ತೆರೆಯಲಿಲ್ಲ.

2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದಿತು. 2017ರಲ್ಲಿ ಪಟ್ಟಣಗಳ ಎಲ್ಲೆಯೊಳಗೆ ಆ ನಿರ್ಬಂಧ ಸಡಿಲಿತು. 1988ರ ಮೋಟಾರು ವಾಹನ ಕಾಯಿದೆಯಂತೆ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗೆ ಮೀರಿದ ಮದ್ಯಸಾರವಿದ್ದರೆ ಅಪರಾಧ. ಆದರೆ ಪೊಲೀಸರು ಅಳೆಯುವುದು ಅವನು ರಸ್ತೆಗಿಳಿದ ಮೇಲೆ. ಅದಕ್ಕೆ ಮುನ್ನ ತಡೆಯಬಲ್ಲವನು ಲೋಟ ತುಂಬುವವನು. ಅವನ ಸಂಬಳವೋ ಮಾಲೀಕನ ಕೈಯಲ್ಲಿ. ಆದುದರಿಂದ ಸನ್ನದು ಪಡೆದವನೇ ಆ ‘ಸಾಕು’ ಎಂಬ ಮಾತಿಗೆ ಬೆಂಬಲವಾಗಿ ನಿಲ್ಲಬೇಕು. ಒಂದು ಲೋಟದ ಲಾಭ ಹೋದೀತು. ಯಾವುದೋ ಹಳ್ಳಿಯಲ್ಲಿ ಬಾಗಿಲು ತೆರೆದು ಕಾದಿರುವ ತಾಯಿಗೆ ಮಗ ಮರಳುವನು. ಉಪಚಾರವೆಂದರೆ ಇದೂ ಅಲ್ಲವೆ?