ಸ್ಲ್ಯಾಬ್ ದಾಟಿದರೆ ಸಂಬಳ ಕರಗುವುದೇ?

ಸಂವಿಧಾನದ ಏಳನೆಯ ಅನುಸೂಚಿಯು ವೃತ್ತಿ ತೆರಿಗೆಯನ್ನೂ ಕೃಷಿ ಆದಾಯದ ಮೇಲಿನ ತೆರಿಗೆಯನ್ನೂ ರಾಜ್ಯಗಳಿಗೂ ಉಳಿದ ಆದಾಯದ ಮೇಲಿನದನ್ನು ಕೇಂದ್ರಕ್ಕೂ ಹಂಚಿರುವುದರಿಂದ, ಬೆಳ್ಳೂರು ಕ್ರಾಸ್ ಬಳಿಯ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ದುಡಿಯುವವರ ಸಂಬಳದ ಚೀಟಿಯಲ್ಲಿ ಕಾಣುವ ಎರಡು ಕಡಿತಗಳು ಎರಡು ಸರ್ಕಾರಗಳಿಗೆ ಸೇರುತ್ತವೆ. ವೃತ್ತಿ ತೆರಿಗೆ ರಾಜ್ಯದ್ದು. ಅದು ವರ್ಷಕ್ಕೆ 2,500 ರೂಪಾಯಿ ಮೀರಬಾರದೆಂದು ಸಂವಿಧಾನದ 276ನೆಯ ವಿಧಿಯೇ ಮಿತಿ ಹಾಕಿದೆ. ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಕೇಂದ್ರದ್ದು.

ಸ್ಲ್ಯಾಬ್ ಎಂದರೆ ಆದಾಯದ ಒಂದು ಹಂತ. 2025-26ನೇ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷದ ಹಂತಕ್ಕೂ ಶೇ. 5ರಂತೆ ದರ ಏರುತ್ತ ಹೋಗಿ 24 ಲಕ್ಷದ ಮೇಲೆ ಶೇ. 30ಕ್ಕೆ ನಿಲ್ಲುತ್ತದೆ.

ಎಡವುವುದು ಇಲ್ಲಿಯೇ. ಆದಾಯ ಹೊಸ ಹಂತಕ್ಕೆ ಕಾಲಿಟ್ಟೊಡನೆ ಇಡೀ ಮೊತ್ತಕ್ಕೂ ಹೊಸ ದರ ಬೀಳುತ್ತದೆಂಬ ನಂಬಿಕೆಯಿಂದ ಸಂಬಳ ಏರಿಕೆಗೆ ಅಂಜುವವರು, ವರ್ಷಾಂತ್ಯದ ಬಾಕಿ ಹಣ ಬೇಡವೆನ್ನುವವರು ಇಂದಿಗೂ ಇದ್ದಾರೆ. ಪಾಂಡವಪುರದ ಬಯಲಿನಲ್ಲಿ ನಾಲೆಯ ನೀರು ಮೇಲಿನ ಗದ್ದೆ ತುಂಬಿದ ಮೇಲಷ್ಟೇ ಕೆಳಗಿನ ಗದ್ದೆಗೆ ಇಳಿಯುವಂತೆ, ಒಂದು ಹಂತ ತುಂಬಿ ಮಿಕ್ಕ ಹಣ ಮಾತ್ರ ಮುಂದಿನ ಹಂತಕ್ಕೆ ಸೇರುತ್ತದೆ. ಹಿಂದಿನ ಹಂತದ ಲೆಕ್ಕ ಕದಲುವುದಿಲ್ಲ. ಕಡಿತಗಳೆಲ್ಲ ಕಳೆದ ಮೇಲೆ ಆದಾಯ ಸರಿಯಾಗಿ 16 ಲಕ್ಷವಿದ್ದರೆ ತೆರಿಗೆ 20,000, 40,000 ಮತ್ತು 60,000 ಸೇರಿ 1,20,000 ರೂಪಾಯಿ. ಆದಾಯ 10,000 ಹೆಚ್ಚಿದರೆ ಆ ಹತ್ತು ಸಾವಿರಕ್ಕೆ ಮಾತ್ರ ಶೇ. 20ರಂತೆ 2,000, ಅದರ ಮೇಲೆ ಶೇ. 4ರ ಉಪಕರ (ಸೆಸ್) ಆಗಿ 80 ರೂಪಾಯಿ ಹೋಗಿ, 7,920 ರೂಪಾಯಿ ಕೈಯಲ್ಲೇ ಉಳಿಯುತ್ತದೆ. ತಪ್ಪು ತಿಳಿವಳಿಕೆಯವರು 16,10,000ಕ್ಕೂ ಶೇ. 20 ಹಾಕಿ, ಇಲ್ಲದ 3,22,000ದ ಹೊರೆಯನ್ನು ಕಲ್ಪಿಸಿಕೊಂಡಿರುತ್ತಾರೆ.

ಆದರೂ ಈ ಭಯಕ್ಕೆ ಒಂದೆಡೆ ನಿಜವಾದ ಬುಡವಿತ್ತು, ಕಾನೂನು ಅದನ್ನು ಗಮನಿಸಿದ ರೀತಿ ಬಹಳ ಸೊಗಸಾಗಿದೆ. 12 ಲಕ್ಷದವರೆಗಿನ ಆದಾಯಕ್ಕೆ, ಬಂಡವಾಳ ಲಾಭದಂತಹ ವಿಶೇಷ ದರದ ಆದಾಯವನ್ನು ಬಿಟ್ಟು, 60,000 ರೂಪಾಯಿಗಳ ತೆರಿಗೆಯೆಲ್ಲವೂ ರಿಬೇಟ್ ರೂಪದಲ್ಲಿ ಮನ್ನಾ ಆಗುತ್ತದೆ. ಹಾಗಾದರೆ 12,10,000 ಆದಾಯದವರು 61,500 ಕಟ್ಟಬೇಕಾಗಿ ಬಂದು, ಹತ್ತು ಸಾವಿರ ಹೆಚ್ಚು ದುಡಿದ ತಪ್ಪಿಗೆ ಐವತ್ತು ಸಾವಿರಕ್ಕೂ ಮಿಕ್ಕಿ ಕಳೆದುಕೊಳ್ಳಬೇಕಾಗುತ್ತಿತ್ತು. ಇದನ್ನು ತಡೆಯಲೆಂದೇ, 12 ಲಕ್ಷದ ಮೇಲೆ ಎಷ್ಟು ಗಳಿಸಿದ್ದಾರೋ ಅದಕ್ಕಿಂತ ಹೆಚ್ಚು ತೆರಿಗೆ ಇರಬಾರದೆಂಬ ಅಂಚಿನ ಪರಿಹಾರದ ನಿಯಮವಿದೆ. ಅವರ ತೆರಿಗೆ 10,000ಕ್ಕೆ ಇಳಿಯುತ್ತದೆ, ಸೆಸ್ ಬೇರೆ. ಸುಮಾರು 12,70,600 ರೂಪಾಯಿವರೆಗೆ ಈ ರಕ್ಷಣೆ ದೊರೆತು, ಆಮೇಲೆ ಸ್ಲ್ಯಾಬ್ ಲೆಕ್ಕವೇ ಅಗ್ಗವಾಗುತ್ತದೆ.

ಮೊದಲೇ ಹೇಳಿದಂತೆ ಕೃಷಿ ಆದಾಯ ಕೇಂದ್ರದ ತೆರಿಗೆಯ ಹೊರಗಿದ್ದರೂ, ನಾಗಮಂಗಲ, ಕೆ.ಆರ್. ಪೇಟೆಯ ರೈತರು ಅಲ್ಲೊಂದು ವ್ಯತ್ಯಾಸ ಗಮನಿಸಬೇಕು: ಕಬ್ಬು, ರಾಗಿ, ತೆಂಗಿನ ಫಸಲು ಕೃಷಿ ಆದಾಯವಾದರೆ, ಡೇರಿಗೆ ಹಾಕುವ ಹಾಲಿನ ಹಣ ಕೃಷಿ ಆದಾಯದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ರೀಫಂಡ್, ಅಂದರೆ ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಮುರಿದಿದ್ದರೆ ಮರಳಿ ಸಿಗುವ ಹಣ. ಠೇವಣಿ ಬಡ್ಡಿಯಿಂದ ಬ್ಯಾಂಕು ಮುರಿದ ಟಿಡಿಎಸ್ ನಿವೃತ್ತರಿಗೆ ಎಷ್ಟೋ ವೇಳೆ ಪೂರ್ತಿ ವಾಪಸು ಬರತಕ್ಕದ್ದು. ಆದರೆ ರಿಟರ್ನ್ ಸಲ್ಲಿಸದೆ ಅದು ತಾನಾಗಿ ಬರುವುದಿಲ್ಲ, ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೂ ಪರಿಶೀಲನೆಗೆ ಹೋಗುವುದಿಲ್ಲ. ದೇಶದ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ಬೆಂಗಳೂರಿನಲ್ಲಿದೆ, ಆದರೆ ಅದು ರಾಜ್ಯದ ಕಚೇರಿಯಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ಯಾನ್ ಬಳಸಿ ಒಳಹೋಗಿ, ಸಲ್ಲಿಸಿದ ರಿಟರ್ನ್‌ಗಳ ಪುಟ ತೆರೆದರೆ ಅದು ಯಾವ ಹಂತದಲ್ಲಿದೆಯೆಂದು ತಿಳಿಯುತ್ತದೆ. ಹಣ ಮಂಜೂರಾಗಿಯೂ ಖಾತೆಗೆ ಬಂದಿಲ್ಲವೆಂದರೆ ಖಾತೆಯನ್ನು ಪೋರ್ಟಲ್‌ನಲ್ಲಿ ದೃಢೀಕರಿಸಿಲ್ಲದಿರಬಹುದು, ಇಲ್ಲವೇ ಹೆಸರು ಪ್ಯಾನ್‌ಗೆ ಹೊಂದದಿರಬಹುದು. ಅದನ್ನು ಸರಿಪಡಿಸಿ ಮರುಬಿಡುಗಡೆಗೆ ಕೋರಿಕೆ ಸಲ್ಲಿಸಬೇಕು.

ಪರಿಶೀಲನೆ ಮುಗಿದಾಗ ಇಮೇಲ್‌ಗೆ ಬರುವ ಕಲಂ 143(1)ರ ಸೂಚನಾಪತ್ರವನ್ನು ಹೆಚ್ಚಿನವರು ತೆರೆಯುವುದೇ ಇಲ್ಲ. ತೆರಿಗೆದಾರರು ಕೊಟ್ಟ ಲೆಕ್ಕ ಒಂದು ಅಂಕಣದಲ್ಲಿ, ಇಲಾಖೆ ಹಾಕಿದ ಲೆಕ್ಕ ಇನ್ನೊಂದು ಅಂಕಣದಲ್ಲಿ ಎದುರುಬದುರು ನಿಲ್ಲುವ ಆ ಕಾಗದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ತೆರಿಗೆ ಕಲಿಯುವವರಿಗೆ ಇಲ್ಲ. ಓದುಗರು ಈ ವರ್ಷ ತಮ್ಮದನ್ನು ತೆರೆದು, ಮೇಲಿನ ಹಂತಗಳ ಲೆಕ್ಕವನ್ನು ಪೆನ್ನು ಹಿಡಿದು ಒಮ್ಮೆ ತಾಳೆ ನೋಡಲೇಬೇಕು.