ಜೀಪ್‌ನಲ್ಲಿ ಹೆಚ್ಚುವರಿ ಪೆಟ್ರೋಲ್: ಕ್ಯಾನ್ ಎಲ್ಲಿಡಬೇಕು?

ಮನಾಲಿಯಿಂದ ಲೇಹ್‌ಗೆ ಹೋದವರಿಗೆ ತಾಂಡಿ ಬಂಕ್‌ನ ಫಲಕ ಗೊತ್ತು: ಮುಂದಿನ ಬಂಕ್ 365 ಕಿ.ಮೀ. ದೂರ. ಎತ್ತರಿಸಿ, ದಪ್ಪ ಟೈರ್ ಹಾಕಿಸಿದ ಜೀಪ್ ಪೆಟ್ರೋಲನ್ನೂ ಜಾಸ್ತಿ ಕುಡಿಯುತ್ತೆ. ಕ್ಯಾನ್ ಬೇಕೇ ಬೇಕು.

ಆದರೆ ದಯವಿಟ್ಟು ಅದನ್ನು ಸೀಟಿನ ಹಿಂದೆ ಇಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ಗಾಡಿಯೊಳಗೆ ಕಾಲ ಬುಡದಲ್ಲೇ ತುಂಬಿಕೊಳ್ಳುತ್ತೆ, ಆಮೇಲೆ ಒಂದು ಕಿಡಿ ಸಾಕು. ಟಾಪ್ ಮೇಲೆ? 20 ಲೀಟರ್ ಅಂದ್ರೆ ಸುಮಾರು 15 ಕೆ.ಜಿ.; ಮೊದಲೇ ಎತ್ತರಿಸಿದ ಗಾಡಿ ಓರೆ ದಾರಿಯಲ್ಲಿ ಇನ್ನಷ್ಟು ವಾಲುತ್ತೆ. ನನ್ನ ಆಯ್ಕೆ: ಹೊರಗೆ, ಗಟ್ಟಿ ಬ್ರಾಕೆಟ್‌ನಲ್ಲಿ, ಸೈಲೆನ್ಸರ್‌ನಿಂದ ದೂರ.

ನೀರಿನ ಪ್ಲಾಸ್ಟಿಕ್ ಕ್ಯಾನ್ ಬೇಡವೇ ಬೇಡ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ, ಗಾಡಿಯ ಟ್ಯಾಂಕ್ ಬಿಟ್ಟು, ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ. ಲೋಹದ ಕ್ಯಾನ್ 25 ಲೀಟರ್ ಮೀರಬಾರದು.

ತುಂಬಿಸುವಾಗ ಕ್ಯಾನ್ ನೆಲದ ಮೇಲಿರಲಿ, ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ. ಕಂಠದವರೆಗೂ ತುಂಬಬೇಡಿ. ಇದೇ ದಾರಿಯ ತಂಗ್ಲಾಂಗ್ ಲಾ ಪಾಸ್ ಇರೋದು 5,300 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಕ್ಯಾನ್ ಉಬ್ಬಿರುತ್ತೆ. ಎಂಜಿನ್ ಆಫ್ ಮಾಡಿ, ಮುಚ್ಚಳ ನಿಧಾನವಾಗಿ ಸಡಿಲಿಸಿ, ಆವಿ ಹೋಗಲು ಬಿಟ್ಟು ಆಮೇಲೆ ಸುರಿಯಿರಿ.